ಯಾವ ಮಂಜುನಾಥ?

ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದಲ್ಲಿ, ಮೆಟ್ರೊ ಹಸಿರು ಮಾರ್ಗದ ತುದಿಯ ನಿಲ್ದಾಣದ ಪಕ್ಕದಲ್ಲೇ ಒಂದು ದೊಡ್ಡ ವಸ್ತುಪ್ರದರ್ಶನ ಕೇಂದ್ರವಿದೆ. ಭಾರತೀಯ ಯಂತ್ರೋಪಕರಣ ತಯಾರಕರ ಸಂಘ ಅಲ್ಲಿ ಇಮ್‌ಟೆಕ್ಸ್ ಎಂಬ ಮೇಳ ನಡೆಸುತ್ತದೆ. ಕಬ್ಬಿಣ ಕೊರೆಯುವ, ಕತ್ತರಿಸುವ, ಬಗ್ಗಿಸುವ ಯಂತ್ರಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ಮಳಿಗೆ ಹಾಕುವ ಕಂಪನಿಗಳು ಮೇಳಕ್ಕೆ ಕೆಲವು ವಾರ ಮೊದಲೇ ತಮ್ಮ ಗಿರಾಕಿಗಳಿಗೆ ಆಹ್ವಾನ ಕಳಿಸಲು ಶುರುಮಾಡುತ್ತವೆ. ಇಂಥ ಸಭಾಂಗಣ, ಇಂಥ ಮಳಿಗೆ, ದಯವಿಟ್ಟು ಬನ್ನಿ, ಚಹಾ ನಮ್ಮದು.

ಪೀಣ್ಯದಲ್ಲಿ ನಾಲ್ಕು ಲೇತು ಇಟ್ಟುಕೊಂಡಿರುವ ಮಾಲೀಕರೊಬ್ಬರನ್ನು ಊಹಿಸಿಕೊಳ್ಳಿ. ಹೆಸರು ಮಂಜುನಾಥ ಎಂದಿರಲಿ. ಅವರಿಗೆ ಒಂದೇ ಕಂಪನಿಯಿಂದ, ಒಂದೇ ದಿನ, ಎರಡು ಆಹ್ವಾನ ಬರುತ್ತವೆ. ಒಂದರ ಮೇಲೆ ‘ಎಚ್.ಎಸ್. ಮಂಜುನಾಥ್’, ಇನ್ನೊಂದರ ಮೇಲೆ ‘ಮಂಜುನಾಥ ಎಚ್ ಎಸ್’. ಎರಡು ದಿನ ಕಳೆದ ಮೇಲೆ ‘ಬರ್ತೀರಾ ಸರ್?’ ಎಂದು ಎರಡು ಬೇರೆ ದನಿಗಳಲ್ಲಿ ಎರಡು ಫೋನು. ಬೇಸತ್ತ ಅವರು ಎರಡನೆಯವನಿಗೆ, ‘ನನಗೇನೂ ಕಳಿಸಬೇಡ್ರಪ್ಪ, ಹೆಸರು ತೆಗೆದುಬಿಡಿ’ ಅನ್ನುತ್ತಾರೆ. ಅವನು ತೆಗೆಯುತ್ತಾನೆ, ಪ್ರಾಮಾಣಿಕವಾಗಿಯೇ. ಮುಂದಿನ ಮೇಳಕ್ಕೆ ಮತ್ತೆ ಒಂದು ಆಹ್ವಾನ ಬಂದೇ ಬರುತ್ತದೆ.

ಇಂಥದ್ದು ಬಹುತೇಕ ಎಲ್ಲರಿಗೂ ಆಗಿದೆ. ಬ್ಯಾಂಕಿನಿಂದಲೋ, ಬಟ್ಟೆ ಅಂಗಡಿಯಿಂದಲೋ, ಒಮ್ಮೆ ಕಾರು ನೋಡಲು ಹೋದ ಷೋರೂಮಿನಿಂದಲೋ. ಲಕ್ಷಗಟ್ಟಲೆ ಪುಟಗಳಲ್ಲಿ ಒಂದು ಪದವನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕಿಕೊಡುವ ಯಂತ್ರಕ್ಕೆ ಈ ಇಬ್ಬರು ಮಂಜುನಾಥರು ಒಬ್ಬರೇ ಎಂದು ತಿಳಿಯದೆ ಹೋಗುವುದೇಕೆ?

ಒಬ್ಬರಿಗೆ ಒಂದೇ ಸಾಲು

1987ರಲ್ಲಿ ಅಮೆರಿಕದ ಪ್ಯಾಟ್ ಸಲಿವನ್ ಮತ್ತು ಮೈಕ್ ಮುನಿ ಎಂಬಿಬ್ಬರು ‘ಆ್ಯಕ್ಟ್’ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದರು. ಊರೂರು ಸುತ್ತುವ ಮಾರಾಟಗಾರರಿಗೆಂದೇ ಮಾಡಿದ್ದು ಅದು. ಯಾರು, ಯಾವ ಕಂಪನಿ, ಫೋನ್ ನಂಬರು ಯಾವುದು, ಕೊನೆಯ ಸಲ ಏನು ಮಾತಾಯಿತು, ಮತ್ತೆ ಯಾವಾಗ ಫೋನ್ ಮಾಡಬೇಕು, ಎಲ್ಲವೂ ಒಂದೇ ಕಡೆ. ಸಂಪರ್ಕ ನಿರ್ವಹಣೆಯ ತಂತ್ರಾಂಶ ಎಂದು ನಾವು ಈಗ ಕರೆಯುವ ವರ್ಗಕ್ಕೆ ಅದು ಮೊದಮೊದಲ ಮಾದರಿ. ಅದರ ಮುಂದಿನ ತಲೆಮಾರುಗಳನ್ನು ಕಚೇರಿಗಳಲ್ಲಿ ಸಿಆರ್‌ಎಂ ಅನ್ನುತ್ತಾರೆ. ಹೆಸರು ಬೆಳೆದಿದೆ, ಒಳಗಿನ ಗೂಡು ಅದೇ: ಒಬ್ಬ ವ್ಯಕ್ತಿಗೆ ಒಂದು ಸಾಲು, ಆ ಸಾಲಿಗೆ ಜೋಡಿಸಿದ ಅವನ ಇತಿಹಾಸ.

ಮೇಳ, ವಿಚಾರಗೋಷ್ಠಿ, ಹೊಸ ಯಂತ್ರದ ಪ್ರಾತ್ಯಕ್ಷಿಕೆ ಮುಂತಾದ ಕಾರ್ಯಕ್ರಮಗಳನ್ನು ನಡೆಸುವವರು ಈ ಸಾಲುಗಳ ಮೇಲೇ ಎಲ್ಲವನ್ನೂ ಕಟ್ಟುತ್ತಾರೆ. ಹೋದ ಸಲ ಬಂದು ವಿಚಾರಿಸಿದ, ಆದರೆ ಕೊಳ್ಳದ ತುಮಕೂರು ಜಿಲ್ಲೆಯ ಗಿರಾಕಿಗಳನ್ನು ಮಾತ್ರ ಆರಿಸು ಎಂದರೆ ಆರಿಸಿಕೊಡುತ್ತದೆ. ಆಹ್ವಾನ ಹೋಯಿತೇ, ಉತ್ತರ ಬಂತೇ, ಮಳಿಗೆಗೆ ಬಂದರೇ, ಆಮೇಲೆ ಫಾಲೋಅಪ್ ಯಾರು ಮಾಡಬೇಕು ಎಂಬುದನ್ನೆಲ್ಲ ಸಾಲಿನ ಮುಂದೆ ಬರೆದುಕೊಳ್ಳುತ್ತದೆ. ಇಷ್ಟೂ ಕೆಲಸ ಒಂದು ಸಾಲು ಒಬ್ಬ ಮನುಷ್ಯ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ.

ಆ ನಂಬಿಕೆ ಮೇಳದಲ್ಲೇ ಮುರಿಯುತ್ತದೆ. ಮಳಿಗೆಯಲ್ಲಿ ಕೊಟ್ಟ ವಿಸಿಟಿಂಗ್ ಕಾರ್ಡನ್ನು ರಾತ್ರಿ ಹೋಟೆಲ್ ರೂಮಿನಲ್ಲಿ ಕೂತ ಹುಡುಗನೊಬ್ಬ ಟೈಪ್ ಮಾಡುತ್ತಾನೆ. ಅದೇ ಗಿರಾಕಿಯ ಕೊರಳಲ್ಲಿ ನೇತಾಡುತ್ತಿದ್ದ ಪ್ರವೇಶ ಚೀಟಿಯ ಕ್ಯೂಆರ್ ಗುರುತನ್ನು ಇನ್ನೊಬ್ಬ ಸ್ಕ್ಯಾನ್ ಮಾಡಿರುತ್ತಾನೆ. ಸೇಲ್ಸ್‌ನವನ ಮೊಬೈಲಿನಲ್ಲಿ ಆತ ‘ಮಂಜಣ್ಣ ಪೀಣ್ಯ’ ಆಗಿರುತ್ತಾರೆ. ಹಳೆಯ ಎಕ್ಸೆಲ್ ಹಾಳೆಯಲ್ಲಿ ಮಾಲೀಕರ ಹೆಸರೇ ಇರುವುದಿಲ್ಲ, ಕಾರ್ಖಾನೆಯ ಹೆಸರಷ್ಟೇ. ಇವೆಲ್ಲ ಒಂದು ದಿನ ಒಟ್ಟಿಗೆ ತಂತ್ರಾಂಶಕ್ಕೆ ಬಂದು ಬೀಳುತ್ತವೆ. ಕಾಗದ ಎರಡೆರಡು ಸಲ ಹೋಗುವುದು ದೊಡ್ಡ ನಷ್ಟವಲ್ಲ. ಒಬ್ಬನೇ ಗಿರಾಕಿಗೆ ಇಬ್ಬರು ಸೇಲ್ಸ್‌ನವರು ಫೋನ್ ಮಾಡಿ ಎರಡು ಬೇರೆ ದರ ಹೇಳಿದರೆ ಮಾತ್ರ ಕಂಪನಿಯ ಮಾನ ಹೋಗುತ್ತದೆ.

ಅಜ್ಜನ ಪಟ್ಟಿ

ಮದುವೆಯ ಲಗ್ನಪತ್ರಿಕೆಗಳನ್ನು ಮುಂದಿಟ್ಟುಕೊಂಡು ವಿಳಾಸ ಬರೆಯಲು ಕೂತ ಮನೆಯನ್ನು ನೀವು ನೋಡಿರುತ್ತೀರಿ. ಗಂಡಿನ ಚಿಕ್ಕಪ್ಪ ಒಂದು ಪಟ್ಟಿ ತಂದಿದ್ದಾನೆ, ಸೋದರತ್ತೆ ಇನ್ನೊಂದು. ನಡುವೆ ಅಜ್ಜ. ಯಾರೋ ‘ಮಂಜುನಾಥ, ಬೆಂಗಳೂರು’ ಎಂದು ಓದುತ್ತಾರೆ. ‘ಬರೆದಾಯ್ತಲ್ಲ’ ಎಂದು ಇನ್ನೊಬ್ಬರು. ಅಜ್ಜ ತಲೆಯೆತ್ತಿ, ‘ಯಾವ ಮಂಜುನಾಥ?’ ಅನ್ನುತ್ತಾರೆ. ಬೆಂಗಳೂರಿನ ಮಂಜುನಾಥ ಅಂದರೆ ಅವರಿಗೆ ಸಾಲದು. ಆದರೆ ಸ್ವಲ್ಪ ಹೊತ್ತಿನ ಮೇಲೆ ಎರಡೂ ಪಟ್ಟಿಗಳಲ್ಲಿ ‘ತೋಂಟದಾರ್ಯ, ಗದಗ’ ಎಂದು ಬಂದಾಗ ಅಜ್ಜ ಏನೂ ಕೇಳುವುದಿಲ್ಲ. ಅವರ ಬಳಗದಲ್ಲಿ ಆ ಹೆಸರಿನವರು, ಆ ಊರಿನವರು, ಒಬ್ಬರೇ.

ಅಜ್ಜನಿಗೆ ಎರಡೂ ಸಲ ಸಿಕ್ಕಿದ ಮಾಹಿತಿ ಒಂದೇ ಬಗೆಯದು, ಒಂದು ಹೆಸರು, ಒಂದು ಊರು. ಎರಡೂ ಸಲ ಎರಡೂ ಹೊಂದಿದವು. ಆದರೂ ಒಂದು ಸಲ ಅನುಮಾನ, ಇನ್ನೊಂದು ಸಲ ನಿಶ್ಚಿಂತೆ. ಹೊಂದಿಕೆ ಎಷ್ಟು ಅಪರೂಪದ್ದು ಎಂಬುದನ್ನು ಅವರು ಮನಸ್ಸಿನಲ್ಲೇ ಅಳೆದರು. ಈ ಅಧ್ಯಾಯದ ಉಳಿದ ಭಾಗವೆಲ್ಲ ಆ ಅಳತೆಯನ್ನು ಯಂತ್ರಕ್ಕೆ ಕಲಿಸಿದ ಕತೆ.

ರಮೇಶ, ರೇಣುಕ, ರಂಗಯ್ಯ

ಅದಕ್ಕೂ ಮೊದಲು ಕಾಗುಣಿತದ ತೊಡಕನ್ನು ದಾಟಬೇಕು. ನಮ್ಮ ಹೆಸರುಗಳನ್ನು ತಂತ್ರಾಂಶಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತವೆ. ಲಕ್ಷ್ಮಿಯ ನಡುವೆ ಕೆಲವರು ‘ಕೆ-ಎಸ್-ಎಚ್’ ಹಾಕುತ್ತಾರೆ, ಕೆಲವರು ಒಂದೇ ‘ಎಕ್ಸ್’ ಹಾಕಿ ಮುಗಿಸುತ್ತಾರೆ. ಗೌಡರಲ್ಲಿ ‘ಡಬ್ಲ್ಯು’ದವರು, ‘ಯು’ದವರು ಎಂದು ಎರಡು ಪಂಗಡ. ಶಿವಕುಮಾರನಿಗೆ ‘ಎಚ್’ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಜನ.

ಈ ತೊಂದರೆ ಕಂಪ್ಯೂಟರಿಗಿಂತ ಹಳೆಯದು. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಎಂಬಾತ ಹೆಸರುಗಳನ್ನು ಉಚ್ಚಾರದ ಮೇಲೆ ವಿಂಗಡಿಸುವ ಒಂದು ಉಪಾಯಕ್ಕೆ ಪೇಟೆಂಟ್ ಪಡೆದ. ಸೌಂಡೆಕ್ಸ್ ಎಂದು ಹೆಸರಾದ ಕ್ರಮಕ್ಕೆ ಮೂಲ ಅದು. ಹೆಸರಿನ ಮೊದಲ ಅಕ್ಷರ ಇಟ್ಟುಕೊಳ್ಳುವುದು, ಸ್ವರಗಳನ್ನೂ ‘ಎಚ್’, ‘ಡಬ್ಲ್ಯು’, ‘ವೈ’ಗಳನ್ನೂ ಬಿಟ್ಟುಬಿಡುವುದು, ಒಂದೇ ತೆರನಾಗಿ ಕೇಳುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು, ಮೂರು ಅಂಕಿಗೆ ನಿಲ್ಲಿಸುವುದು. ಶಿವಕುಮಾರನನ್ನು ಹೇಗೆ ಬರೆದರೂ ‘ಎಸ್ 125’ ಬರುತ್ತದೆ. ಲಕ್ಷ್ಮಿಯ ಎರಡು ರೂಪಗಳೂ ‘ಎಲ್ 250’. ಎರಡು ಪಂಗಡದ ಗೌಡರೂ ‘ಜಿ 300’. ನೂರು ವರ್ಷದ ಹಿಂದಿನ, ಇಂಗ್ಲಿಷ್ ಹೆಸರುಗಳಿಗೆಂದು ಮಾಡಿದ ಉಪಾಯ ನಮ್ಮ ಗೌಡರನ್ನು ಒಂದುಗೂಡಿಸುವುದು ಸಣ್ಣ ಸಾಧನೆಯೇನಲ್ಲ.

ಆದರೆ ಇದೇ ಸೌಂಡೆಕ್ಸ್ ವಿಶ್ವೇಶ್ವರಯ್ಯನವರ ಮುಂದೆ ತಡವರಿಸುತ್ತದೆ. ಆ ಹೆಸರಿನ ನಡುವಿನ ‘ವ’ಕಾರಕ್ಕೆ ‘ವಿ’ ಬಳಸಿದರೆ ‘ವಿ 212’, ‘ಡಬ್ಲ್ಯು’ ಬಳಸಿದರೆ ‘ವಿ 226’. ಎರಡೂ ಬಗೆಯ ಬರಹ ಚಾಲ್ತಿಯಲ್ಲಿದೆ. ರಾಜ್ಯದ ಅತಿ ಪ್ರಸಿದ್ಧ ಎಂಜಿನಿಯರು ಎಂಜಿನಿಯರಿಂಗ್ ಮೇಳದ ಪಟ್ಟಿಯಲ್ಲಿ ಇಬ್ಬರಾಗಿಬಿಡುತ್ತಾರೆ! ಇದಕ್ಕೆ ಎದುರಾದ ತಪ್ಪೂ ಉಂಟು. ರಮೇಶ, ರೇಣುಕ, ರಂಗಯ್ಯ ಮೂವರನ್ನೂ ಇಂಗ್ಲಿಷಿನಲ್ಲಿ ಬರೆದು ಲೆಕ್ಕ ಹಾಕಿ ನೋಡಿ. ಮೂವರೂ ‘ಆರ್ 520’.

ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಕೊಟ್ಟ ಅಳತೆ ಇನ್ನೊಂದು ದಾರಿ. ಒಂದು ಹೆಸರನ್ನು ಇನ್ನೊಂದನ್ನಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವುದು. ಇದನ್ನು ಅಕ್ಷರ ದೂರ ಎನ್ನೋಣ. ಮಂಜುನಾಥ, ಮಂಜುನಾಥ್ ನಡುವೆ ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ದೂರ. ಎಚ್.ಎಸ್. ಎಂಬ ಇನಿಷಿಯಲ್ಲುಗಳು ಹಿಂದೆ ಮುಂದೆ ಆದರೆ ಮಾತ್ರ ದೂರ ಸುಮ್ಮಸುಮ್ಮನೆ ಬೆಳೆಯುತ್ತದೆ, ಹಾಗಾಗಿ ಇನಿಷಿಯಲ್ಲುಗಳನ್ನು ಮೊದಲೇ ಬಿಡಿಸಿ ಪಕ್ಕಕ್ಕಿಟ್ಟು ಅಳೆಯಬೇಕು. ಫೋನ್ ನಂಬರಿನ ಮುಂದಿನ ಸೊನ್ನೆ, 91 ಇವನ್ನೂ ಕಿತ್ತುಹಾಕಿ ಕೊನೆಯ ಹತ್ತು ಅಂಕಿ ಉಳಿಸಿಕೊಳ್ಳಬೇಕು. ಇದೆಲ್ಲ ಬೇಸರದ ಕೆಲಸ, ಆದರೆ ಇಲ್ಲಿ ಸೋಮಾರಿತನ ಮಾಡಿದವರನ್ನು ಮುಂದಿನ ಯಾವ ಗಣಿತವೂ ಕಾಪಾಡುವುದಿಲ್ಲ.

ಇಷ್ಟಾದರೂ ನಮಗೆ ತಿಳಿಯುವುದು ಎರಡು ಹೆಸರು ಹೊಂದುತ್ತವೆ ಎಂದಷ್ಟೇ. ಇಬ್ಬರು ಮನುಷ್ಯರು ಒಬ್ಬರೇ ಎಂದಲ್ಲ.

ಅಣುವಿಕಿರಣದಿಂದ ಬಂದ ಉತ್ತರ

ಇದಕ್ಕೆ ಪರಿಹಾರ ಹುಡುಕಿದವರು ವ್ಯಾಪಾರಿಗಳಲ್ಲ. ಒಬ್ಬ ಮನುಷ್ಯನ ಹುಟ್ಟು, ಮದುವೆ, ಕಾಯಿಲೆ, ಸಾವುಗಳ ದಾಖಲೆ ಬೇರೆ ಬೇರೆ ಕಚೇರಿಗಳಲ್ಲಿ ಚದುರಿರುತ್ತದೆ. ಅವನ್ನು ಒಟ್ಟುಗೂಡಿಸಿದರೆ ಸಮಾಜದ ಆರೋಗ್ಯದ ಬಗ್ಗೆ ಎಷ್ಟೋ ತಿಳಿಯಬಹುದು ಎಂದು 1946ರಲ್ಲಿ ಅಮೆರಿಕದ ಹಾಲ್ಬರ್ಟ್ ಡನ್ ವಾದಿಸಿದ್ದರು. ದಾಖಲೆ ಜೋಡಣೆ, ಅಂದರೆ ರೆಕಾರ್ಡ್ ಲಿಂಕೇಜ್, ಎಂಬ ಹೆಸರು ಅಲ್ಲಿಂದ ಬಂತು.

ಅದನ್ನು ಕಂಪ್ಯೂಟರಿಗೆ ಒಪ್ಪಿಸಿದವರು ಕೆನಡಾದ ತಳಿವಿಜ್ಞಾನಿ ಹೊವರ್ಡ್ ನ್ಯೂಕೂಂಬ್. ಅವರು ಕೆಲಸ ಮಾಡುತ್ತಿದ್ದದ್ದು ಚಾಕ್ ರಿವರ್ ಎಂಬಲ್ಲಿನ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ. ಅಲ್ಪಪ್ರಮಾಣದ ವಿಕಿರಣ ತಲೆಮಾರುಗಳ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಅವರ ಕುತೂಹಲ. ಅದಕ್ಕೆ ಸಾವಿರಾರು ಕುಟುಂಬಗಳ ಚರಿತ್ರೆ ಬೇಕು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮದುವೆ ದಾಖಲೆಗಳನ್ನೂ ಜನನ ದಾಖಲೆಗಳನ್ನೂ ಜೋಡಿಸಿ, ಯಾವ ಮಗು ಯಾವ ದಂಪತಿಯದು ಎಂದು ಹುಡುಕುವ ಕೆಲಸವನ್ನು ಅವರ ತಂಡ ಯಂತ್ರಕ್ಕೆ ಕೊಟ್ಟಿತು. 1959ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ಹೆಸರು ವಿಂಗಡಿಸಲು ಅವರೂ ಸೌಂಡೆಕ್ಸನ್ನೇ ಬಳಸಿದ್ದರು. ಹೊಸದಾಗಿ ಸೇರಿಸಿದ್ದು ಅಜ್ಜನ ವಿವೇಕವನ್ನು: ಸ್ಮಿತ್ ಎಂಬ ಹೆಸರು ಹೊಂದಿದರೆ ಕಡಿಮೆ ಬೆಲೆ, ಅಪರೂಪದ ಹೆಸರು ಹೊಂದಿದರೆ ಹೆಚ್ಚು ಬೆಲೆ, ಮತ್ತು ಆ ಬೆಲೆಯನ್ನು ಪಟ್ಟಿಯನ್ನೇ ಎಣಿಸಿ ಕಂಡುಕೊಳ್ಳಬಹುದು.

ಹೊಂದಿಕೆಗೆ ತೂಕ ಎಷ್ಟು?

ಈಗ ಪೀಣ್ಯಕ್ಕೆ ಮರಳೋಣ. ಕಂಪನಿಯ ಪಟ್ಟಿಯಲ್ಲಿ 10,000 ನಮೂದುಗಳಿವೆ ಎಂದಿಟ್ಟುಕೊಳ್ಳಿ. ಮುಂದಿನ ಅಂಕಿಗಳೆಲ್ಲ ಲೆಕ್ಕ ತಿಳಿಯಲೆಂದು ನಾನು ಹಿಡಿದವು, ಯಾವ ಸಮೀಕ್ಷೆಯವೂ ಅಲ್ಲ.

ಯಾವುದೇ ಒಂದು ಹೊಂದಿಕೆ ಸಿಕ್ಕಾಗ ಎರಡು ಪ್ರಶ್ನೆ ಕೇಳಬೇಕು. ಇಬ್ಬರೂ ನಿಜವಾಗಿ ಒಬ್ಬರೇ ಆಗಿದ್ದರೆ ಇದು ಎಷ್ಟು ಸಲ ಹೊಂದುತ್ತಿತ್ತು? ಬೇರೆ ಬೇರೆಯವರಾಗಿದ್ದರೆ ಆಕಸ್ಮಿಕವಾಗಿ ಎಷ್ಟು ಸಲ ಹೊಂದುತ್ತಿತ್ತು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಆ ಹೊಂದಿಕೆಯ ತೂಕ.

ಒಬ್ಬನೇ ವ್ಯಕ್ತಿಯ ಎರಡು ನಮೂದುಗಳಲ್ಲಿ ಹೆಸರು 100ಕ್ಕೆ 90 ಸಲ ಹೊಂದುತ್ತದೆ. ಉಳಿದದ್ದು ಕಾಗುಣಿತಕ್ಕೆ, ಅಡ್ಡಹೆಸರಿಗೆ ಬಲಿ. ನಮ್ಮ ಪಟ್ಟಿಯಲ್ಲಿ 100ಕ್ಕೆ ಇಬ್ಬರು ಮಂಜುನಾಥರು ಇದ್ದಾರೆ ಎಂದರೆ, ಒಬ್ಬ ಮಂಜುನಾಥರ ಮುಂದೆ ಯಾರನ್ನೋ ತಂದು ನಿಲ್ಲಿಸಿದರೆ ಅವರೂ ಮಂಜುನಾಥರೇ ಆಗಿರುವ ಸಂಭವ 100ಕ್ಕೆ 2. ಹಾಗಾಗಿ ತೂಕ 45. ಸಾವಿರಕ್ಕೊಬ್ಬರು ಇರುವ ತೋಂಟದಾರ್ಯರಿಗೆ ಇದೇ ಲೆಕ್ಕದಲ್ಲಿ 900. ಊರಿಗೆ ಬನ್ನಿ. ಒಬ್ಬನೇ ವ್ಯಕ್ತಿಯಾದರೆ ಊರು 100ಕ್ಕೆ 95 ಸಲ ಹೊಂದುತ್ತದೆ. ಆದರೆ ಪಟ್ಟಿಯಲ್ಲಿ 100ಕ್ಕೆ 60 ಮಂದಿ ಬೆಂಗಳೂರಿನವರೇ ಇದ್ದರೆ ಬೆಂಗಳೂರು ಹೊಂದಿದ್ದಕ್ಕೆ ತೂಕ ಬರೀ 1.6. ಇನ್ನೂರಕ್ಕೊಬ್ಬರು ಇರುವ ಗದಗ ಹೊಂದಿದರೆ 190. ಅಜ್ಜ ಬೆಂಗಳೂರನ್ನು ಯಾಕೆ ಕಿವಿಗೇ ಹಾಕಿಕೊಳ್ಳಲಿಲ್ಲ ಎಂಬುದು ಈಗ ಅಂಕಿಯಲ್ಲೇ ಕಾಣುತ್ತದೆ.

ಮೊಬೈಲ್ ನಂಬರು ಹೊಂದಿದರೆ? ಜನಕ್ಕೆ ಎರಡೆರಡು ನಂಬರು ಇರುವುದರಿಂದ ಒಬ್ಬನೇ ವ್ಯಕ್ತಿಯಾದರೂ 100ಕ್ಕೆ 70 ಸಲ ಮಾತ್ರ ಹೊಂದೀತು. ಬೇರೆಯವರಾದರೆ ಹತ್ತು ಸಾವಿರಕ್ಕೆ ಒಮ್ಮೆ. ತೂಕ 7,000. ಇಷ್ಟು ಭಾರದ್ದು ಬೇರೊಂದಿಲ್ಲ.

ಇನ್ನು ಹೊಂದದಿದ್ದರೆ? ಅದಕ್ಕೂ ಇದೇ ಎರಡು ಪ್ರಶ್ನೆ. ಒಬ್ಬನೇ ವ್ಯಕ್ತಿಯಾದರೂ ಮೊಬೈಲ್ ಹೊಂದದಿರುವುದು 100ಕ್ಕೆ 30 ಸಲ. ಬೇರೆಯವರಾದರೆ ಹೆಚ್ಚುಕಡಿಮೆ ಯಾವಾಗಲೂ ಹೊಂದುವುದಿಲ್ಲ. ಭಾಗಿಸಿದರೆ 0.3. ನಂಬರು ಹೊಂದಿದಾಗ ನಮ್ಮ ನಂಬಿಕೆ ಏಳು ಸಾವಿರ ಪಟ್ಟು ಏರುತ್ತದೆ, ಹೊಂದದಿದ್ದಾಗ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೆ. ಒಂದೇ ಮಾಹಿತಿ, ಪರವಾಗಿ ಆನೆಬಲ, ವಿರುದ್ಧವಾಗಿ ಹೆಚ್ಚೇನೂ ಇಲ್ಲ. ನಂಬರು ಬೇರೆ ಇದೆ, ಅಂದಮೇಲೆ ಬೇರೆ ಮನುಷ್ಯನೇ ಎಂದು ತೀರ್ಮಾನಿಸುವ ತಂತ್ರಾಂಶಗಳು ಎಡವುವುದು ಇಲ್ಲೇ. ಅಗ್ಗದ ತಂತ್ರಾಂಶಗಳಲ್ಲಿ ಎಷ್ಟೋ ಇನ್ನೂ ಸರಳ: ಇಮೇಲ್ ಒಂದೇ ಇದ್ದರೆ ಒಬ್ಬರು, ಬೇರೆ ಇದ್ದರೆ ಇಬ್ಬರು, ಮುಗಿಯಿತು. ಮಾಲೀಕರು ಆಫೀಸಿನ ಇಮೇಲನ್ನು ಒಂದು ಸಲ, ಮಗನ ಇಮೇಲನ್ನು ಇನ್ನೊಂದು ಸಲ ಕೊಡುವ ಊರಿನಲ್ಲಿ ಈ ನಿಯಮ ಎಷ್ಟು ದಿನ ಬಾಳೀತು?

ಐದು ಕೋಟಿ ಜೋಡಿ

ತೂಕಗಳನ್ನು ಒಂದಕ್ಕೊಂದು ಗುಣಿಸಬೇಕು. ಮಂಜುನಾಥ 45, ಬೆಂಗಳೂರು 1.6, ಗುಣಿಸಿದರೆ 72. ಎಪ್ಪತ್ತೆರಡು ಪಟ್ಟು ಎಂದರೆ ಸಾಕಲ್ಲವೇ, ಇಬ್ಬರನ್ನೂ ಸೇರಿಸಿಬಿಡಬಹುದಲ್ಲವೇ ಅನ್ನಿಸುತ್ತದೆ. ಅನ್ನಿಸಿದರೆ ಮೋಸಹೋದಿರಿ. ಎಪ್ಪತ್ತೆರಡು ಪಟ್ಟು, ಸರಿ, ಆದರೆ ಯಾವುದರ ಎಪ್ಪತ್ತೆರಡು ಪಟ್ಟು?

10,000 ನಮೂದುಗಳಲ್ಲಿ ಯಾವುದೇ ಎರಡನ್ನು ಜೋಡಿ ಮಾಡುವ ಬಗೆಗಳು 4,99,95,000. ಸುಮಾರು ಐದು ಕೋಟಿ. ಅವುಗಳಲ್ಲಿ ನಿಜವಾದ ಪುನರಾವರ್ತನೆಗಳು, ಉದಾರವಾಗಿ ಲೆಕ್ಕ ಹಿಡಿದರೂ, ಒಂದು ಸಾವಿರ. ಅಂದರೆ ಏನನ್ನೂ ನೋಡುವ ಮೊದಲೇ, ಕೈಗೆ ಸಿಕ್ಕಿದ ಜೋಡಿ ಒಬ್ಬರೇ ಆಗಿರುವ ಸಾಧ್ಯತೆ ಐವತ್ತು ಸಾವಿರಕ್ಕೆ ಒಂದು. ಅದನ್ನು 72 ಪಟ್ಟು ಏರಿಸಿದರೂ ಏಳುನೂರಕ್ಕೆ ಒಂದರ ಹತ್ತಿರ ಬರುತ್ತದೆ, ಅಷ್ಟೆ. ಹೆಸರೂ ಊರೂ ಹೊಂದಿದ ಮೇಲೂ ಅವರು ಬೇರೆಯವರೇ ಎಂದು ಬಾಜಿ ಕಟ್ಟುವುದು ಜಾಣತನ. ಇಲ್ಲಿಗೆ ಮೊಬೈಲಿನ 7,000ವನ್ನು ತಂದು ಗುಣಿಸಿ. ಈಗ ತಿರುವು: ಒಬ್ಬರೇ ಆಗಿರುವ ಸಾಧ್ಯತೆ, ಅಲ್ಲದಿರುವುದಕ್ಕೆ ಹೋಲಿಸಿದರೆ, ಒಂದಕ್ಕೆ ಹತ್ತರಂತೆ ಮೇಲಾಯಿತು. ಹೆಸರು, ಊರು, ಮೊಬೈಲ್ ಮೂರೂ ಹೊಂದಿದ ಹನ್ನೊಂದು ಜೋಡಿಗಳಲ್ಲಿ ಒಂದು ಇನ್ನೂ ಸುಳ್ಳು. ಗದಗದ ತೋಂಟದಾರ್ಯರು? 900ಕ್ಕೆ 190 ಗುಣಿಸಿದರೆ ಒಂದು ಲಕ್ಷ ಎಪ್ಪತ್ತೊಂದು ಸಾವಿರ. ಮೊಬೈಲಿನ ನೆರವಿಲ್ಲದೆಯೇ ಒಂದಕ್ಕೆ ಮೂರರಂತೆ ಒಬ್ಬರೇ ಆದರು.

ಅಜ್ಜನಿಗೆ ಇದಕ್ಕಿಂತ ಹೆಚ್ಚು ನೆಚ್ಚಿಕೆ ಇತ್ತಲ್ಲ ಎಂದರೆ, ಅವರ ಪಟ್ಟಿ ಚಿಕ್ಕದು. ಪಟ್ಟಿ ಹತ್ತು ಪಟ್ಟು ದೊಡ್ಡದಾದರೆ ಜೋಡಿಗಳು ನೂರು ಪಟ್ಟು ಆಗುತ್ತವೆ. ನಿಜವಾದ ಪುನರಾವರ್ತನೆಗಳು ಆ ವೇಗದಲ್ಲಿ ಬೆಳೆಯುವುದಿಲ್ಲ. ಚಿಕ್ಕ ಪಟ್ಟಿಗೆ ಸರಿಹೋದ ನಿಯಮ ಕಂಪನಿ ಬೆಳೆದ ಮೇಲೆ ಕೈಕೊಡುವುದು ಇದೇ ಕಾರಣಕ್ಕೆ.

ಐದು ಕೋಟಿ ಜೋಡಿಗಳನ್ನು ಒಂದೊಂದಾಗಿ ಅಳೆಯುವುದು ಯಂತ್ರಕ್ಕೂ ಭಾರವೇ. ಹಾಗಾಗಿ ಮೊದಲು ಪಟ್ಟಿಯನ್ನು ಗುಂಪು ಮಾಡುತ್ತಾರೆ, ಸೌಂಡೆಕ್ಸ್ ಅಂಕಿಯ ಮೇಲೋ ಪಿನ್ ಕೋಡಿನ ಮೇಲೋ. ಇಪ್ಪತ್ತರಂತೆ ಐನೂರು ಗುಂಪಾದರೆ, ಗುಂಪಿನೊಳಗಿನ ಜೋಡಿಗಳು ಒಟ್ಟು 95,000. ರಮೇಶ, ರೇಣುಕ, ರಂಗಯ್ಯ ಒಂದೇ ಗುಂಪಿಗೆ ಬಿದ್ದರೂ ಈಗ ಚಿಂತೆಯಿಲ್ಲ, ಅವರನ್ನು ಬೇರೆ ಮಾಡುವ ಕೆಲಸ ತೂಕದ್ದು. ವಿಶ್ವೇಶ್ವರಯ್ಯನಂಥವರು ಬೇರೆ ಗುಂಪಿಗೆ ಬಿದ್ದು ತಪ್ಪಿಹೋಗದಿರಲಿ ಎಂದು ಇನ್ನೊಮ್ಮೆ ಮೊಬೈಲಿನ ಕೊನೆಯ ಅಂಕಿಗಳ ಮೇಲೆ ಗುಂಪು ಮಾಡಿ ನೋಡುತ್ತಾರೆ.

90, 70 ಎಂಬ ಅಂಕಿಗಳು ಯಂತ್ರಕ್ಕೆ ಎಲ್ಲಿಂದ ಸಿಗುತ್ತವೆ ಎಂದು ನೀವು ಕೇಳಬಹುದು, ಕೇಳಲೇಬೇಕು. ಆಕಸ್ಮಿಕ ಹೊಂದಿಕೆಯನ್ನು ಪಟ್ಟಿಯಿಂದಲೇ ಎಣಿಸಬಹುದು. ಇನ್ನೊಂದಕ್ಕೆ, ಮೊದಲು ಒಂದು ಅಂದಾಜು ಹಾಕಿ ಜೋಡಿಗಳನ್ನು ವಿಂಗಡಿಸುತ್ತಾರೆ. ಒಬ್ಬರೇ ಎಂದು ಬಂದ ಜೋಡಿಗಳಲ್ಲಿ ಹೆಸರು ನಿಜಕ್ಕೂ ಎಷ್ಟು ಸಲ ಹೊಂದಿದೆ ಎಂದು ಎಣಿಸಿ ಅಂದಾಜನ್ನು ತಿದ್ದುತ್ತಾರೆ. ತಿದ್ದಿದ ಅಂದಾಜಿನಿಂದ ಮತ್ತೆ ವಿಂಗಡಿಸುತ್ತಾರೆ. ಅಂಕಿಗಳು ಅಲುಗಾಡುವುದು ನಿಂತಾಗ ನಿಲ್ಲಿಸುತ್ತಾರೆ.

ನಡುವಿನ ರಾಶಿ

ನ್ಯೂಕೂಂಬರ ಅನುಭವಕ್ಕೆ ಗಟ್ಟಿ ಗಣಿತದ ಬುನಾದಿ ಹಾಕಿದವರು ಕೆನಡಾದ ಅಂಕಿಸಂಖ್ಯಾ ಇಲಾಖೆಯ ಇವಾನ್ ಫೆಲೆಗಿ ಮತ್ತು ಆ್ಯಲನ್ ಸಂಟರ್, 1969ರಲ್ಲಿ. ಫೆಲೆಗಿ 1956ರ ದಂಗೆಯ ಕಾಲಕ್ಕೆ ಹಂಗೆರಿ ಬಿಟ್ಟು ಬಂದವರು, ಮುಂದೆ ಆ ಇಲಾಖೆಯ ಮುಖ್ಯಸ್ಥರಾದರು. ಒಟ್ಟು ತೂಕ ನೋಡಿ ಹೌದು ಅಥವಾ ಅಲ್ಲ ಎಂದು ಎರಡೇ ಉತ್ತರ ಕೊಡಬೇಕಿಲ್ಲ ಎಂಬುದು ಅವರು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಮೇಲಿನ ಗೆರೆ ದಾಟಿದವು ಒಬ್ಬರೇ, ಕೆಳಗಿನ ಗೆರೆಗಿಂತ ಕಡಿಮೆಯಾದವು ಇಬ್ಬರು, ನಡುವೆ ಉಳಿದದ್ದನ್ನು ಮನುಷ್ಯರು ಕೂತು ನೋಡಬೇಕು. ಗೆರೆಗಳನ್ನು ಎಲ್ಲಿ ಎಳೆಯಬೇಕು ಎಂಬುದು ಯಾವ ತಪ್ಪನ್ನು ಎಷ್ಟು ಸಹಿಸಬಲ್ಲಿರಿ ಎಂಬುದರ ಮೇಲೆ ನಿಂತಿದೆ.

ಆ ನಡುವಿನ ರಾಶಿಯನ್ನು ಕೆದಕಿದರೆ ನಮ್ಮ ಸಣ್ಣ ಕೈಗಾರಿಕೆಗಳ ಲೋಕವೇ ಎದುರಾಗುತ್ತದೆ. ಅಪ್ಪ, ಮಗ ಒಂದೇ ಕಾರ್ಖಾನೆ. ವಿಳಾಸ ಒಂದೇ, ಮೇಜಿನ ಮೇಲಿನ ಫೋನ್ ಒಂದೇ, ಇಬ್ಬರ ಹೆಸರೂ ಒಂದೇ ಇನಿಷಿಯಲ್ಲಿನಿಂದ ಶುರು. ತೂಕ ಗುಣಿಸುತ್ತ ಹೋದರೆ ಅಪ್ಪ-ಮಗ ಒಬ್ಬರೇ ಎಂಬ ಭಾರಿ ಸಂಖ್ಯೆ ಬರುತ್ತದೆ. ಲೆಕ್ಕದ ಒಳಗಿನ ಬಿರುಕು ಇಲ್ಲಿದೆ. ತೂಕಗಳನ್ನು ಗುಣಿಸುವಾಗ ನಾವು ಪ್ರತಿಯೊಂದು ಹೊಂದಿಕೆಯೂ ತನ್ನಷ್ಟಕ್ಕೆ ಸ್ವತಂತ್ರ ಎಂದುಕೊಂಡಿದ್ದೆವು. ಕಾರ್ಖಾನೆ ಒಂದೇ ಆದಮೇಲೆ ಫೋನೂ ವಿಳಾಸವೂ ಒಂದೇ ಆಗಿರುವುದರಲ್ಲಿ ಹೊಸ ಸುದ್ದಿ ಏನಿದೆ? ಒಂದೇ ಸಾಕ್ಷಿಯನ್ನು ಮೂರು ಸಲ ಎಣಿಸಿದಂತಾಯಿತು. ಇದನ್ನು ಬಲ್ಲವರು ಕಾರ್ಖಾನೆಗೆ ಸೇರಿದ ಮಾಹಿತಿಯನ್ನೆಲ್ಲ ಒಟ್ಟಿಗೆ ಕಟ್ಟಿ ಒಂದೇ ತೂಕ ಕೊಡುತ್ತಾರೆ, ವ್ಯಕ್ತಿಗೆ ಸೇರಿದ್ದನ್ನು ಬೇರೆ ಇಡುತ್ತಾರೆ.

ಸರಪಳಿಯ ತೊಂದರೆ ಇನ್ನೂ ಕೆಟ್ಟದ್ದು. ಮೊದಲನೆಯ ನಮೂದು ಎರಡನೆಯದಕ್ಕೆ ಹೊಂದಿತು, ಎರಡನೆಯದು ಮೂರನೆಯದಕ್ಕೆ. ಆದ್ದರಿಂದ ಮೊದಲನೆಯದೂ ಮೂರನೆಯದೂ ಒಂದೇ ಎಂದು ಯಂತ್ರ ಕಟ್ಟುತ್ತ ಹೋದರೆ, ರಿಸೆಪ್ಷನ್ನಿನ ಒಂದು ನಂಬರಿನ ಸುತ್ತ ಖರೀದಿ ವಿಭಾಗದವರು, ಲೆಕ್ಕಪತ್ರದವರು, ಮಾಲೀಕರ ಭಾವಮೈದ ಎಲ್ಲ ಒಬ್ಬ ಮಹಾಪುರುಷರಾಗಿ ಸೇರಿಹೋಗುತ್ತಾರೆ. ಬಳಸದೆ ಬಿಟ್ಟ ಮೊಬೈಲ್ ನಂಬರನ್ನು ಭಾರತದಲ್ಲಿ ಕನಿಷ್ಠ 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು, ಹಾಗಾಗಿ ಏಳು ಸಾವಿರದ ತೂಕದ ಮೊಬೈಲೂ ಹಳತಾದಂತೆ ಹಗುರಾಗಬೇಕು. ಒಮ್ಮೆ ಸೇರಿಸಿದ ಸಾಲುಗಳನ್ನು ಬಿಡಿಸುವುದು ಬಲು ಕಷ್ಟ, ಯಾವ ಮಾತು ಯಾರದಾಗಿತ್ತು ಎಂಬ ಗುರುತೇ ಅಳಿಸಿರುತ್ತದೆ. ಆದ್ದರಿಂದಲೇ ಅನುಭವಿಗಳು ಮೂಲ ನಮೂದುಗಳನ್ನು ಹಾಗೆಯೇ ಇಟ್ಟು, ‘ಇವು ಒಬ್ಬರವು’ ಎಂಬ ಕೊಂಡಿಯನ್ನು ಮಾತ್ರ ಹಾಕುತ್ತಾರೆ. ನಾಳೆ ಮಗ ಬಂದು ನಾನು ಬೇರೆ ಅಂದರೆ ಕೊಂಡಿ ಕಳಚಿದರಾಯಿತು.

ಬೇಡ ಅಂದವರ ಸಾಲು

ಹೆಸರು ತೆಗೆದುಬಿಡಿ ಅಂದ ಮಂಜುನಾಥರಿಗೆ ಆಹ್ವಾನ ನಿಲ್ಲದೆ ಹೋದದ್ದರ ಕಾರಣ ಈಗ ಸ್ಪಷ್ಟ: ಅವರು ಬೇಡ ಅಂದದ್ದು ಒಂದು ಸಾಲಿಗೆ ಅಂಟಿತು, ಇನ್ನೊಂದು ಸಾಲಿಗೆ ಅದು ತಿಳಿಯಲೇ ಇಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಗೆ ಒಪ್ಪಿಗೆ ಹಿಂಪಡೆಯುವ, ಮಾಹಿತಿ ತಿದ್ದಿಸುವ, ಅಳಿಸಿಸುವ ಹಕ್ಕು ಕೊಡುತ್ತದೆ. ಹಕ್ಕು ಮನುಷ್ಯನಿಗೆ, ತಂತ್ರಾಂಶದ ಕೈಗೆ ಸಿಗುವುದು ಸಾಲುಗಳು.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ‘ಅಳಿಸಿ’ ಎಂದಾಗ ಸಾಲನ್ನು ಪೂರ್ತಿ ಅಳಿಸಿದರೆ, ಅವರು ಬೇಡ ಅಂದಿದ್ದರು ಎಂಬ ನೆನಪೂ ಅಳಿಯುತ್ತದೆ. ಮುಂದಿನ ಮೇಳದಲ್ಲಿ ಯಾರೋ ಅವರ ಕಾರ್ಡನ್ನು ಮತ್ತೆ ಟೈಪ್ ಮಾಡಿದಾಗ ಅವರು ಹೊಸ ಗಿರಾಕಿಯಾಗಿ ಹುಟ್ಟಿಬರುತ್ತಾರೆ. ಹಾಗಾಗಿ ಕಂಪನಿಗಳು ಬೇಡ ಅಂದವರದೇ ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳುತ್ತವೆ, ಗುರುತಿಗೆ ಬೇಕಾದ ನಂಬರೋ ಇಮೇಲೋ ಮಾತ್ರ ಉಳಿಸಿಕೊಂಡು. ಆಹ್ವಾನ ಹೊರಡುವ ಮುನ್ನ ಪ್ರತಿ ಹೆಸರನ್ನೂ ಈ ಪಟ್ಟಿಯ ಮುಂದೆ ಹಿಡಿದು ತೂಗಬೇಕು.

ಇಲ್ಲಿ ತೂಗುವಾಗ ಗೆರೆ ಬೇರೆ ಎಳೆಯಬೇಕೆಂಬುದು ನನ್ನ ಅಭಿಪ್ರಾಯ. ಇಬ್ಬರ ಇತಿಹಾಸವನ್ನು ಒಂದು ಮಾಡುವುದಾದರೆ ಗೆರೆ ತೀರ ಮೇಲಿರಲಿ, ಸಾವಿರಕ್ಕೆ ಒಂದು ತಪ್ಪೂ ಹೆಚ್ಚೇ. ಆಹ್ವಾನ ತಡೆಯುವುದಾದರೆ ಗೆರೆ ಕೆಳಗಿರಲಿ. ಒಂದಕ್ಕೆ ಹತ್ತರಂತೆ ಒಬ್ಬರೇ ಎಂದು ಬಂದ ಜೋಡಿಯನ್ನು ವಿಲೀನ ಮಾಡಲು ನಾನು ಒಪ್ಪುವುದಿಲ್ಲ, ಆದರೆ ಅಷ್ಟೇ ತೂಕದ ಮೇಲೆ ಕಾಗದ ನಿಲ್ಲಿಸಲು ಧಾರಾಳವಾಗಿ ಒಪ್ಪುತ್ತೇನೆ. ಬಹಳವೆಂದರೆ ಹನ್ನೊಂದರಲ್ಲಿ ಒಬ್ಬ ಬೇರೆ ಮಂಜುನಾಥರಿಗೆ ಆ ವರ್ಷದ ಆಹ್ವಾನ ತಪ್ಪೀತು. ಸೇಲ್ಸ್ ವಿಭಾಗದವರು ಇದಕ್ಕೆ ಒಪ್ಪುವುದು ಕಷ್ಟ. ಅವರಿಗೆ ತಪ್ಪಿಹೋದ ಗಿರಾಕಿ ಕಾಣುತ್ತಾನೆ, ಬೇಸತ್ತ ಗಿರಾಕಿ ಕಾಣುವುದಿಲ್ಲ. ಆ ಇನ್ನೊಬ್ಬ ಮಂಜುನಾಥರು ಹೇಗೂ ಮೇಳಕ್ಕೆ ಬರುವವರೇ. ಮಳಿಗೆಯ ಮುಂದೆ ಹಾದುಹೋಗುವಾಗ ಕರೆದು, ಚಹಾ ಕೊಟ್ಟು, ಅವರ ಇನಿಷಿಯಲ್ಲನ್ನು ಬಿಡಿಸಿ ಕೇಳಿ ಬರೆದುಕೊಂಡರೆ ಅವರಿಗೊಂದು ಸರಿಯಾದ ಸಾಲು ಸಿಗುತ್ತದೆ.